ಹದಿನೈದು ಸೊನ್ನೆಯಲ್ಲ

ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್ ಸ್ವಲ್ಪ ನಿಧಾನವಾದರೆ ಸಾಕು, ಯಾರಾದರೊಬ್ಬರು ಟಾಸ್ಕ್ ಮ್ಯಾನೇಜರ್ ತೆರೆದು ಗೊತ್ತಿಲ್ಲದ ಹೆಸರುಗಳನ್ನೆಲ್ಲ ಒಂದೊಂದಾಗಿ ‘ಎಂಡ್ ಟಾಸ್ಕ್’ ಮಾಡಲು ಶುರು ಮಾಡುತ್ತಾರೆ. “ಇದನ್ನು ನಾವು ಓಪನ್ ಮಾಡಿಲ್ಲ, ಹಾಗಾದರೆ ಬೇಡದ್ದು” ಎಂಬುದು ಅವರ ಲೆಕ್ಕ. ಮೊಬೈಲಿನಲ್ಲೂ ಇದೇ ಕಥೆ. ‘ಕ್ಲೀನರ್’ ಎಂಬ ಆ್ಯಪ್ ಹಾಕಿಕೊಂಡು ಗಂಟೆಗೊಮ್ಮೆ ಒತ್ತಿ, “ಇಷ್ಟು ಖಾಲಿ ಆಯಿತು” ಎಂದು ಖುಷಿ ಪಡುವವರು ನಮ್ಮ ಕ್ಲಾಸಿನಲ್ಲೇ ಎಷ್ಟೋ ಮಂದಿ ಇದ್ದಾರೆ. ಈ ಲೆಕ್ಕ ಸರಿಯಲ್ಲ ಎಂದು ತೋರಿಸುವುದು ಈ ಬರಹದ ಒಂದು ಉದ್ದೇಶ. ಇನ್ನೊಂದು ನಮ್ಮ ಲ್ಯಾಬಿನ ಟೈಮ್‌ಟೇಬಲ್‌ಗೆ ಸಂಬಂಧಿಸಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ತಮಾಷೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ‘ಡೀಟೇಲ್ಸ್’ ಪುಟಕ್ಕೆ ಹೋದರೆ ‘ಸಿಸ್ಟಮ್ ಐಡಲ್ ಪ್ರೊಸೆಸ್’ ಎಂಬ ಹೆಸರು ಕಾಣುತ್ತದೆ, ಅದರ ಮುಂದೆ 95, 98 ಎಂಬ ಸಂಖ್ಯೆ. “ಇದೇ ನೋಡಿ ಕಳ್ಳ, ಸಿಪಿಯು ಪೂರ್ತಿ ತಿನ್ನುತ್ತಿದೆ!” ಎಂದು ಬೊಬ್ಬೆ ಹಾಕಿದವರನ್ನು ನಾನು ಕಂಡಿದ್ದೇನೆ. ಆ ಸಂಖ್ಯೆಯ ಅರ್ಥ ಸಿಪಿಯು 98 ಶೇಕಡ ಹೊತ್ತು ಸುಮ್ಮನೆ ಕೂತಿದೆ ಎಂದು. ನಗದು ಪುಸ್ತಕದಲ್ಲಿ ಉಳಿದ ಬಾಕಿಯನ್ನು ಖರ್ಚು ಎಂದು ಓದಿದ ಹಾಗೆ ಇದು.

ನಮ್ಮ ಲ್ಯಾಬಿನ ಹಿಂದಿನ ಸಾಲಿನಲ್ಲಿ ಉಬುಂಟು ಹಾಕಿದ ಕೆಲವು ಹಳೆಯ ಕಂಪ್ಯೂಟರ್‌ಗಳಿವೆ. ಯಾರೂ ಅಲ್ಲಿ ಕೂರಲು ಇಷ್ಟಪಡುವುದಿಲ್ಲ. ಆದರೆ ಒಳಗೆ ಏನು ನಡೆಯುತ್ತದೆ ಎಂದು ನೋಡಲು ಅವೇ ಒಳ್ಳೆಯವು. ಟರ್ಮಿನಲ್ ತೆರೆದು ‘ಟಾಪ್’ ಎಂದು ಟೈಪ್ ಮಾಡಿ. ಓಡುತ್ತಿರುವ ಪ್ರೊಸೆಸ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಕೆಸ್ವಾಪ್‌ಡಿ, ಕೆವರ್ಕರ್, ಕೆಸಾಫ್ಟ್‌ಐಆರ್‌ಕ್ಯೂಡಿ ಎಂಬಂಥ ಹೆಸರುಗಳು ಸಿಗುತ್ತವೆ. ಇವು ಕರ್ನಲ್ ಥ್ರೆಡ್‌ಗಳು. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಯಂತ್ರಕ್ಕೂ ನಮ್ಮ ಪ್ರೋಗ್ರಾಂಗಳಿಗೂ ನಡುವೆ ನಿಂತು ವ್ಯವಹಾರ ನೋಡಿಕೊಳ್ಳುವ ಭಾಗ. ಅದರ ಹಿತ್ತಿಲ ಕೆಲಸಗಾರರು ಇವರು. ಇವರೆಲ್ಲರಿಗೂ ಒಬ್ಬನೇ ಮೇಸ್ತ್ರಿ. ಕೆಥ್ರೆಡ್‌ಡಿ ಎಂದು ಹೆಸರು, ಪಟ್ಟಿಯಲ್ಲಿ ಯಾವಾಗಲೂ 2ನೇ ನಂಬರ್. ಮೆಮೊರಿ ತೋರಿಸುವ ಕಾಲಂನಲ್ಲಿ ಇವರ ಮುಂದೆ ಬರೀ ಸೊನ್ನೆ ಇರುತ್ತದೆ, ಏಕೆಂದರೆ ಇವರಿಗೆ ಸ್ವಂತದ ಜಾಗ ಇಲ್ಲ, ಕರ್ನಲ್‌ನ ಜಾಗದಲ್ಲೇ ಇವರ ಕೆಲಸ. ಹಾಗಾಗಿ ಇವರನ್ನು ಓಡಿಸಿ ಮೆಮೊರಿ ಉಳಿಸುತ್ತೇವೆ ಎನ್ನುವುದಕ್ಕೆ ಅರ್ಥವೇ ಇಲ್ಲ.

ಓಡಿಸಲು ಆಗುವುದೂ ಇಲ್ಲ ಎನ್ನಿ. ಲಿನಕ್ಸ್‌ನಲ್ಲಿ ಅತ್ಯಂತ ಕಠಿಣವಾದ ಆಜ್ಞೆ ‘ಕಿಲ್ ಮೈನಸ್ 9’. ಪಾಸ್‌ವರ್ಡ್ ಇರುವ ಯಜಮಾನ ಬಳಕೆದಾರನೇ ಅದನ್ನು ಕೊಟ್ಟರೂ ಕರ್ನಲ್ ಥ್ರೆಡ್ ಕೇಳಿಸಿಕೊಳ್ಳುವುದಿಲ್ಲ. ವಿಂಡೋಸ್‌ನಲ್ಲಿ ಇದೇ ಬಗೆಯ ಕೆಲಸಗಾರರೆಲ್ಲ 4ನೇ ನಂಬರಿನ ‘ಸಿಸ್ಟಮ್’ ಎಂಬ ಒಂದೇ ಹೆಸರಿನ ಕೆಳಗೆ ಅಡಗಿರುತ್ತಾರೆ.

ಇವರು ಮಾಡುವ ಕೆಲಸ ಯಾವುದು ಎನ್ನುವುದಕ್ಕೆ ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಪೆರಾಬೆ ಕಡೆ ಜೂನ್ ಬಂತೆಂದರೆ ಕರೆಂಟಿನ ಕಥೆ ಗೊತ್ತೇ ಇದೆ. ಗಾಳಿ ಬಂದು ಒಂದು ಕೊಂಬೆ ತಂತಿಗೆ ಬಿದ್ದರೆ ಮುಗಿಯಿತು. ನೀವು ಫೈಲ್ ‘ಸೇವ್’ ಒತ್ತಿದ ಕೂಡಲೇ ಅದು ಹಾರ್ಡ್ ಡಿಸ್ಕಿಗೆ ಹೋಗಿ ಕೂತಿತು ಎಂದು ನೀವು ಅಂದುಕೊಳ್ಳುತ್ತೀರಿ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಅದು ಮೊದಲು ಮೆಮೊರಿಯಲ್ಲೇ ನಿಲ್ಲುತ್ತದೆ, ಅಲ್ಲಿಂದ ಡಿಸ್ಕಿಗೆ ಸಾಗಿಸುವವರು ಕೆವರ್ಕರ್‌ಗಳು. ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್ ಪ್ರಕಾರ ಅವರು 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತಾರೆ. 30 ಸೆಕೆಂಡಿಗಿಂತ ಹಳೆಯದಾದ ಸರಕನ್ನು ಡಿಸ್ಕಿಗೆ ಹಾಕುತ್ತಾರೆ. ಇದರ ಜೊತೆಗೆ ಜೆಬಿಡಿ2 ಎಂಬ ಇನ್ನೊಬ್ಬನಿದ್ದಾನೆ. ಇವನು ಕಾಮರ್ಸ್‌ನವರಿಗೆ ತೀರಾ ಹತ್ತಿರದವನು, ಏಕೆಂದರೆ ಇವನ ಕೆಲಸವೇ ಜರ್ನಲ್ ಬರೆಯುವುದು. ಡಿಸ್ಕಿನಲ್ಲಿ ಯಾವ ಬದಲಾವಣೆ ಮಾಡಬೇಕು ಎಂದು ಮೊದಲು ಜರ್ನಲ್‌ನಲ್ಲಿ ನಮೂದಿಸಿ, ಆಮೇಲೆ ಸರಿಯಾದ ಜಾಗಕ್ಕೆ ಹಾಕುವ ಪದ್ಧತಿ ಅದು. ನಾವು ಜರ್ನಲ್ ಎಂಟ್ರಿ ಮಾಡಿ ಲೆಡ್ಜರ್‌ಗೆ ಪೋಸ್ಟ್ ಮಾಡುವ ಹಾಗೆಯೇ. ನಡುವೆ ಕರೆಂಟ್ ಹೋದರೆ, ಮತ್ತೆ ಬಂದಾಗ ಕರ್ನಲ್ ಆ ಜರ್ನಲ್ ಓದಿ, ಅರ್ಧಕ್ಕೆ ನಿಂತ ಪೋಸ್ಟಿಂಗ್ ಮುಗಿಸುತ್ತದೆ. ಮಳೆಗಾಲ ಪೂರ್ತಿ ನಮ್ಮ ಲ್ಯಾಬಿನ ಹಳೆಯ ಯಂತ್ರಗಳು ದಿನಕ್ಕೆ ಎಷ್ಟು ಸಲ ಬಿದ್ದು ಎದ್ದರೂ ಮತ್ತೆ ತೆರೆದುಕೊಳ್ಳುತ್ತವೆ ಎಂದರೆ ಅದರಲ್ಲಿ ಇವನ ಪಾಲು ದೊಡ್ಡದು.

ಕೆಸ್ವಾಪ್‌ಡಿ ಬೇರೆ ಜಾತಿಯವನು. ಮೆಮೊರಿ ಒಂದು ಮಟ್ಟಕ್ಕಿಂತ ಕಡಿಮೆಯಾದಾಗ ಮಾತ್ರ ಏಳುತ್ತಾನೆ, ಬಳಕೆಯಲ್ಲಿಲ್ಲದ್ದನ್ನು ಬದಿಗೆ ಸರಿಸಿ ಜಾಗ ಮಾಡಿ ಮತ್ತೆ ಮಲಗುತ್ತಾನೆ. ಪಟ್ಟಿಯ ತುದಿಯಲ್ಲಿ ಇವನ ಹೆಸರು ಬಹಳ ಹೊತ್ತು ಕಂಡರೆ ಇವನ ಮೇಲೆ ಸಿಟ್ಟು ಮಾಡಬಾರದು. ಜ್ವರ ಬಂದದ್ದಕ್ಕೆ ಥರ್ಮಾಮೀಟರನ್ನು ಒಡೆಯುತ್ತೇವೆಯೇ? ಬ್ರೌಸರಿನಲ್ಲಿ ತೆರೆದಿಟ್ಟ ಮೂವತ್ತು ಟ್ಯಾಬ್‌ಗಳಲ್ಲಿ ಇಪ್ಪತ್ತೈದನ್ನು ಮುಚ್ಚಿದರೆ ಅವನೇ ಹೋಗಿ ಮಲಗುತ್ತಾನೆ. ನಮ್ಮ ಆಂಡ್ರಾಯ್ಡ್ ಮೊಬೈಲಿನ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಯಾವ ಆ್ಯಪನ್ನು ಮುಚ್ಚಬೇಕು, ಯಾವುದನ್ನು ಹಿಂದೆ ಇಟ್ಟುಕೊಳ್ಳಬೇಕು ಎಂದು ಅದು ತಾನೇ ನೋಡಿಕೊಳ್ಳುತ್ತದೆ. ಕ್ಲೀನರ್ ಆ್ಯಪ್ ಮಧ್ಯೆ ಬಂದು ಎಲ್ಲವನ್ನೂ ಮುಚ್ಚಿದರೆ ಮತ್ತೆ ಮೊದಲಿನಿಂದ ತೆರೆಯಲು ಇನ್ನಷ್ಟು ಬ್ಯಾಟರಿ ಬೇಕು.

ಇನ್ನು ಆದ್ಯತೆಯ ವಿಷಯ. ‘ಟಾಪ್’ ಪಟ್ಟಿಯಲ್ಲಿ ‘ಎನ್‌ಐ’ ಎಂಬ ಕಾಲಂ ಇದೆ. ಅದು ‘ನೈಸ್’ ಎಂಬುದರ ಗುರುತು. ನೈಸ್ ಮೌಲ್ಯ ಮೈನಸ್ 20ರಿಂದ 19ರ ತನಕ ಇರುತ್ತದೆ, ಸಾಮಾನ್ಯ ಪ್ರೋಗ್ರಾಂಗಳಿಗೆ ಸೊನ್ನೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸಂಖ್ಯೆ ದೊಡ್ಡದಾದಷ್ಟೂ ಆದ್ಯತೆ ಕಡಿಮೆ. ನಮ್ಮ ಮನೆಯ ಉರ್ದುವಿನಲ್ಲಿ ಇದನ್ನು ವಿವರಿಸುವುದು ಬಹಳ ಸುಲಭ. ನೈಸ್ ಎಂದರೆ ‘ಪೆಹಲೇ ಆಪ್’. ನೈಸ್ 19 ಇರುವವನು ಬಾಗಿಲಲ್ಲಿ ನಿಂತು ಎಲ್ಲರಿಗೂ “ಮೊದಲು ನೀವು, ಮೊದಲು ನೀವು” ಎನ್ನುವ ಲಖನೌ ನವಾಬ. ಮೈನಸ್ 20 ಇರುವವನು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವವನು.

ಆದರೆ ನವಾಬನಿಗೆ ರೈಲು ತಪ್ಪಿಹೋಗದಂತೆ ಕರ್ನಲ್ ನೋಡಿಕೊಳ್ಳುತ್ತದೆ. ಪ್ರತಿಯೊಂದು ನೈಸ್ ಮೌಲ್ಯಕ್ಕೂ ಒಂದು ತೂಕವನ್ನು ಕರ್ನಲ್ ಒಳಗೆ ಬರೆದಿಟ್ಟಿದ್ದಾರೆ. ಸೊನ್ನೆಗೆ 1024, ಒಂದಕ್ಕೆ 820, ಐದಕ್ಕೆ 335, ಹತ್ತೊಂಬತ್ತಕ್ಕೆ 15. ಮೈನಸ್ 20ಕ್ಕೆ 88761. ಒಂದು ಮೆಟ್ಟಿಲಿಗೆ ಸುಮಾರು ಒಂದೂಕಾಲು ಪಟ್ಟು. ಇದನ್ನು ನೋಡಿದಾಗ ನನಗೆ ನೆನಪಾದದ್ದು ಪಾಲುದಾರಿಕೆಯ ಲೆಕ್ಕ. ಇಬ್ಬರು ಪಾಲುದಾರರು, ಒಬ್ಬನ ಬಂಡವಾಳ 1024, ಇನ್ನೊಬ್ಬನದು 335. ಲಾಭ ಹಂಚುವುದು ಬಂಡವಾಳದ ಅನುಪಾತದಲ್ಲಿ. ಹಾಗಾದರೆ ಮೊದಲಿನವನಿಗೆ 75 ಶೇಕಡ, ಎರಡನೆಯವನಿಗೆ 25. ಸಿಪಿಯುವಿನ ಹೊತ್ತನ್ನು ಕರ್ನಲ್ ಹಂಚುವುದು ಹೀಗೆಯೇ. ಅಕೌಂಟೆನ್ಸಿಯಲ್ಲಿ ಈ ಲೆಕ್ಕ ಮಾಡಿದವರಿಗೆ ಶೆಡ್ಯೂಲಿಂಗ್ ಹೊಸ ವಿಷಯವಲ್ಲ.

ಈಗ ಅತ್ಯಂತ ಕೆಳಗಿನವನ ಲೆಕ್ಕ ಮಾಡಿ. 1024ರ ಎದುರು 15. ಒಟ್ಟು 1039ರಲ್ಲಿ 15 ಪಾಲು, ಅಂದರೆ ಒಂದೂವರೆ ಶೇಕಡಕ್ಕಿಂತ ಸ್ವಲ್ಪ ಕಡಿಮೆ. ಒಂದು ಗಂಟೆಯಲ್ಲಿ ಸುಮಾರು 52 ಸೆಕೆಂಡು. ಬಹಳ ಕಡಿಮೆ, ನಿಜ. ಆದರೆ ಸೊನ್ನೆ ಅಲ್ಲ. ಪಟ್ಟಿ ಮಾಡಿದವರು ಕೊನೆಯ ಸಾಲಿನಲ್ಲಿ ಸೊನ್ನೆ ಬರೆಯಬಹುದಿತ್ತು, ಬರೆಯಲಿಲ್ಲ. ಇನ್ನೂ ಒಂದು ಮಾತು: ಈ ಹಂಚಿಕೆ ಬರುವುದು ಪೈಪೋಟಿ ಇದ್ದಾಗ ಮಾತ್ರ. ಬೇರೆ ಯಾರೂ ಕಾಯುತ್ತಿಲ್ಲವಾದರೆ ಆ ನೈಸ್ 19ರವನಿಗೆ ಪೂರ್ತಿ ಸಿಪಿಯು ಸಿಗುತ್ತದೆ. ನಮ್ಮಲ್ಲಿ ಅಡಿಕೆ ತೋಟದ ಪಂಪು ರಾತ್ರಿ ತ್ರೀಫೇಸ್ ಬಂದಾಗ ಓಡುವ ಹಾಗೆ. ಎಲ್ಲರೂ ಮಲಗಿದ ಮೇಲೆ ಅದರದೇ ರಾಜ್ಯ.

ಆದ್ಯತೆ ಎಂದರೆ ಮಹತ್ವ ಎಂದು ನಾವು ತಿಳಿದುಕೊಂಡಿದ್ದೇವೆ. ಕರ್ನಲ್ ಹಾಗೆ ತಿಳಿದಿಲ್ಲ. ಅದು ಕೇಳುವ ಪ್ರಶ್ನೆ “ಇದು ಕಾಯಬಹುದೇ?” ಎಂದು. ಮೆಮೊರಿಯ ಚಿಕ್ಕ ತುಂಡುಗಳನ್ನು ಜೋಡಿಸಿ ದೊಡ್ಡದು ಮಾಡುವ ಕೆಹ್ಯೂಜ್‌ಪೇಜ್‌ಡಿಗೆ ನೈಸ್ 19 ಕೊಟ್ಟಿದ್ದಾರೆ, ಏಕೆಂದರೆ ಅದು ನಾಳೆ ಆದರೂ ನಡೆಯುತ್ತದೆ. ಒಂದು ಸಿಪಿಯುವಿನಿಂದ ಇನ್ನೊಂದಕ್ಕೆ ಕೆಲಸ ಸಾಗಿಸುವ ಮೈಗ್ರೇಶನ್ ಥ್ರೆಡ್‌ಗೆ ನೈಸ್‌ನ ಲೆಕ್ಕವೇ ಇಲ್ಲ, ಅದು ‘ರಿಯಲ್ ಟೈಮ್’ ವರ್ಗ, ಕರೆದ ಕೂಡಲೇ ಓಡಬೇಕು. ಅಸರ್ ಹೊತ್ತಿಗೆ ಹೋಮ್‌ವರ್ಕ್ ಬದಿಗಿಟ್ಟು ನಮಾಝಿಗೆ ಏಳುತ್ತೇವೆ. ಹೋಮ್‌ವರ್ಕ್ ಬೇಡದ್ದು ಅಂತಲ್ಲ, ನಮಾಝಿಗೆ ವಕ್ತ್ ಇದೆ, ಹೋಮ್‌ವರ್ಕ್ ಮಗ್ರಿಬ್ ಆದ ಮೇಲೂ ಇರುತ್ತದೆ.

ರಿಯಲ್ ಟೈಮ್‌ನವರು ಇಷ್ಟು ಜೋರಿದ್ದರೆ ಉಳಿದವರ ಗತಿ ಏನು? ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕಟ್ಟಳೆ ಇದೆ. ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ರಿಯಲ್ ಟೈಮ್ ವರ್ಗದವರೆಲ್ಲ ಸೇರಿ ಒಂದು ಸೆಕೆಂಡಿನಲ್ಲಿ 0.95 ಸೆಕೆಂಡಿಗಿಂತ ಹೆಚ್ಚು ಬಳಸುವಂತಿಲ್ಲ. ಸಾಮಾನ್ಯರು ಕಾಯುತ್ತಿದ್ದರೆ ಬಾಕಿ 5 ಶೇಕಡ ಅವರಿಗೆ. ಎಷ್ಟೇ ದೊಡ್ಡ ವಿಐಪಿ ಬಂದರೂ ರೂಪಾಯಿಯಲ್ಲಿ ಐದು ಪೈಸೆ ಮುಟ್ಟುವ ಹಾಗಿಲ್ಲ.

ಕೆಳಗಿನವರನ್ನು ಮರೆತರೆ ಮೇಲಿನವರಿಗೂ ಏಟು ಬೀಳುತ್ತದೆ ಎನ್ನುವುದಕ್ಕೆ ನಾಸಾದ ಪಾತ್‌ಫೈಂಡರ್ ಉದಾಹರಣೆ. 1997ರ ಜುಲೈ 4ರಂದು ಅದು ಮಂಗಳ ಗ್ರಹದಲ್ಲಿ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತನ್ನಿಂದ ತಾನೇ ಮತ್ತೆ ಮತ್ತೆ ರೀಸೆಟ್ ಆಗಲು ಶುರುವಾಯಿತು. ಕಾರಣ ಹೀಗೆ: ಹವಾಮಾನದ ಮಾಹಿತಿ ಸಂಗ್ರಹಿಸುವ ಕಡಿಮೆ ಆದ್ಯತೆಯ ಒಂದು ಕೆಲಸ, ಎಲ್ಲರೂ ಹಂಚಿಕೊಳ್ಳುವ ಒಂದು ಬೀಗವನ್ನು ಹಿಡಿದಿತ್ತು. ಅತಿ ಹೆಚ್ಚು ಆದ್ಯತೆಯ ಕೆಲಸಕ್ಕೆ ಅದೇ ಬೀಗ ಬೇಕಿತ್ತು. ನಡುವಿನ ಆದ್ಯತೆಯ ಇನ್ನೊಂದು ಕೆಲಸ ಬಂದು ಕೆಳಗಿನವನನ್ನು ಓಡಲು ಬಿಡಲಿಲ್ಲ. ಅವನು ಓಡದೆ ಬೀಗ ಬಿಡಲಿಲ್ಲ, ಬೀಗ ಸಿಗದೆ ಮೇಲಿನವನು ಕಾದ, ಅವನು ಕಾಯುತ್ತಿರುವುದನ್ನು ಕಂಡ ಕಾವಲು ವ್ಯವಸ್ಥೆ ಏನೋ ಕೆಟ್ಟಿದೆ ಎಂದು ಎಲ್ಲವನ್ನೂ ರೀಸೆಟ್ ಮಾಡಿತು. ಕೀಲಿಕೈ ಅಟೆಂಡರ್ ಹತ್ತಿರ ಇದ್ದು, ಅವರನ್ನು ಯಾರೋ ಬೆಂಚು ಸಾಗಿಸಲು ಕರೆದುಕೊಂಡು ಹೋಗಿ, ಪ್ರಿನ್ಸಿಪಾಲರು ಬಾಗಿಲ ಹೊರಗೆ ನಿಂತ ಹಾಗೆ. ಭೂಮಿಯಿಂದ ಕಳಿಸಿದ ಪರಿಹಾರವೂ ಸರಳ: ಬೀಗ ಹಿಡಿದಿರುವಷ್ಟು ಹೊತ್ತು ಆ ಕೆಳಗಿನವನಿಗೆ ಮೇಲಿನವನ ಆದ್ಯತೆಯನ್ನೇ ಸಾಲ ಕೊಡುವುದು.

ಇದೆಲ್ಲ ಅಮೆರಿಕದ ವಿಷಯ, ನಮಗೇನು ಎನ್ನಬೇಡಿ. ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡ್ ಯಾರು ಬೇಕಾದರೂ ತೆರೆದು ಓದಬಹುದು. ಶೆಡ್ಯೂಲಿಂಗ್‌ಗೆ ಸೇರಿದ ‘ಫೇರ್ ಡಾಟ್ ಸಿ’ ಎಂಬ ಫೈಲಿನ ತಲೆಯಲ್ಲಿ ಅದನ್ನು ಬರೆದವರ ಹೆಸರುಗಳಿವೆ. ಮೊದಲನೆಯವರು ಹಂಗೇರಿಯ ಇಂಗೊ ಮೋಲ್ನಾರ್. 2007ರಲ್ಲಿ ‘ಕಂಪ್ಲೀಟ್ಲಿ ಫೇರ್ ಶೆಡ್ಯೂಲರ್’ ತಂದವರು. ಸ್ವಲ್ಪ ಕೆಳಗೆ ಶ್ರೀವತ್ಸ ವಡ್ಡಗಿರಿ ಎಂಬ ಹೆಸರು ಇದೆ. ಅವರು ಆಗ ಕೆಲಸ ಮಾಡುತ್ತಿದ್ದದ್ದು ನಮ್ಮ ಬೆಂಗಳೂರಿನ ಐಬಿಎಂ ಲ್ಯಾಬಿನಲ್ಲಿ. ಅವರು ಸೇರಿಸಿದ್ದು ಗುಂಪು ಶೆಡ್ಯೂಲಿಂಗ್. ಒಂದೇ ಯಂತ್ರವನ್ನು ಇಬ್ಬರು ಬಳಸುತ್ತಿದ್ದಾರೆ ಎಂದುಕೊಳ್ಳಿ. ಒಬ್ಬ ಒಂಬತ್ತು ಪ್ರೋಗ್ರಾಂ ಓಡಿಸುತ್ತಾನೆ, ಇನ್ನೊಬ್ಬ ಒಂದೇ. ಪ್ರೋಗ್ರಾಂ ಎಣಿಸಿ ಹಂಚಿದರೆ ಮೊದಲಿನವನಿಗೆ 90 ಶೇಕಡ, ಎರಡನೆಯವನಿಗೆ 10. ಜೋರು ಮಾಡಿದವನಿಗೆ ಲಾಭ. ಗುಂಪು ಶೆಡ್ಯೂಲಿಂಗ್ ಮೊದಲು ಇಬ್ಬರು ಬಳಕೆದಾರರ ನಡುವೆ ಅರ್ಧರ್ಧ ಹಂಚಿ, ಆಮೇಲೆ ಅವರವರ ಪಾಲಿನೊಳಗೆ ಅವರವರ ಪ್ರೋಗ್ರಾಂಗಳಿಗೆ ಹಂಚುತ್ತದೆ. 2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಲ್ಲಿ ಇದು ಕರ್ನಲ್ ಒಳಗೆ ಸೇರಿತು. ಮೋಲ್ನಾರ್‌ಗಿಂತ ಮೊದಲು ನ್ಯಾಯವಾದ ಹಂಚಿಕೆ ಸಾಧ್ಯ ಎಂದು ಲಿನಕ್ಸ್‌ನಲ್ಲಿ ಮಾಡಿ ತೋರಿಸಿದ ಕಾನ್ ಕೊಲಿವಾಸ್ ಎಂಬವರು ಆಸ್ಟ್ರೇಲಿಯಾದಲ್ಲಿ ಆಪರೇಶನ್‌ಗೆ ಅರಿವಳಿಕೆ ಕೊಡುವ ಡಾಕ್ಟರ್, ಪ್ರೋಗ್ರಾಮಿಂಗ್ ತಾವೇ ಕಲಿತವರು. “ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ?” ಎಂದು ಕೇಳುವವರಿಗೆ ನಾನು ಅವರ ಹೆಸರು ಹೇಳುತ್ತೇನೆ.

ಈಗ ಟೈಮ್‌ಟೇಬಲ್. ನಮ್ಮ ಕಾಲೇಜಿನಲ್ಲಿ ಪಿಸಿಎಂಸಿಯವರಿಗೂ ಕಂಪ್ಯೂಟರ್ ಸಯನ್ಸ್ ಇದೆ, ಕಾಮರ್ಸ್‌ನ ಒಂದು ಬ್ಯಾಚಿಗೂ ಇದೆ. ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪ್ರಾಕ್ಟಿಕಲ್‌ಗೆ ಇಬ್ಬರಿಗೂ 30 ಅಂಕ. ನಮಗೆ ಲ್ಯಾಬ್ ಕೊಟ್ಟಿರುವುದು ಶುಕ್ರವಾರ ಜುಮಾ ಆದ ಮೇಲೆ, ಕೊನೆಯ ಪೀರಿಯಡ್. ಅದರಲ್ಲೂ ವಿಜ್ಞಾನದವರ ಪ್ರೋಗ್ರಾಂ ಬಾಕಿ ಇದ್ದರೆ ಅವರಿಗೆ ಮೊದಲು. ಈ ಟರ್ಮಿನಲ್ಲಿ ನಾನು ಡೈರಿಯಲ್ಲಿ ಗುರುತು ಹಾಕುತ್ತಾ ಬಂದಿದ್ದೇನೆ. ಹನ್ನೊಂದು ಶುಕ್ರವಾರಗಳಲ್ಲಿ ನಮಗೆ ಲ್ಯಾಬ್ ಸಿಕ್ಕಿದ್ದು ನಾಲ್ಕು ಸಲ. ಆ ನಾಲ್ಕರಲ್ಲೂ ದೂರದವರು ಆಲಂಕಾರು, ಕಡಬದ ಬಸ್ಸು ತಪ್ಪುತ್ತದೆ ಎಂದು ಬೇಗ ಎದ್ದರು.

ಆಪರೇಟಿಂಗ್ ಸಿಸ್ಟಮ್ ಪುಸ್ತಕಗಳಲ್ಲಿ ಒಂದು ಕಥೆ ಹೇಳುತ್ತಾರೆ. 1973ರಲ್ಲಿ ಎಂಐಟಿಯಲ್ಲಿ ಒಂದು ಹಳೆಯ ಐಬಿಎಂ ಯಂತ್ರವನ್ನು ನಿಲ್ಲಿಸುವಾಗ, 1967ರಲ್ಲಿ ಕೊಟ್ಟ ಒಂದು ಕಡಿಮೆ ಆದ್ಯತೆಯ ಕೆಲಸ ಇನ್ನೂ ಸರದಿಯಲ್ಲಿ ಕಾಯುತ್ತಿತ್ತಂತೆ. ಪುಸ್ತಕದವರೇ ಇದನ್ನು ವದಂತಿ ಎನ್ನುತ್ತಾರೆ. ನಮ್ಮ ಬ್ಯಾಚಿನವರಿಗೆ ಮಾತ್ರ ನಂಬಲು ಕಷ್ಟವಾಗಲಿಲ್ಲ.

ವಿಜ್ಞಾನದವರು ಮೂರು ಬ್ಯಾಚ್ ಇದ್ದಾರೆ, ನಾವು ಒಂದು. ಅವರ ತೂಕ ನಮ್ಮ ಮೂರು ಪಟ್ಟು ಎಂದರೆ ನನಗೆ ತಕರಾರಿಲ್ಲ, ಅದು ನ್ಯಾಯವೇ. ಅರ್ಧರ್ಧ ಕೊಡಿ ಎಂದು ಕೇಳಿದರೆ ಅವರ ತಲೆಗೆ ನಮಗಿಂತ ಕಡಿಮೆ ಬರುತ್ತದೆ. ನನ್ನ ತಕರಾರು ಇರುವುದು ಸೊನ್ನೆಯ ವಾರಗಳ ಬಗ್ಗೆ. ಲ್ಯಾಬ್ ವಾರಕ್ಕೆ 40 ಪೀರಿಯಡ್ ತೆರೆದಿರುತ್ತದೆ ಎಂದಿಟ್ಟುಕೊಂಡರೂ ಕರ್ನಲ್‌ನ ಆ 5 ಶೇಕಡ ಲೆಕ್ಕದಲ್ಲಿ ನಮಗೆ 2 ಪೀರಿಯಡ್ ಬರಬೇಕು, ಯಾರ ಪರೀಕ್ಷೆ ಹತ್ತಿರ ಬಂದರೂ ಮುಟ್ಟದ 2 ಪೀರಿಯಡ್. ಅದಕ್ಕಿಂತ ಬೇಸರದ ವಿಷಯ, ಮಂಗಳವಾರ ಮೂರನೇ ಪೀರಿಯಡ್‌ಗೆ ಲ್ಯಾಬ್ ಖಾಲಿ ಇರುತ್ತದೆ, ಬೀಗ ಹಾಕಿರುತ್ತದೆ, ಅದೇ ಹೊತ್ತಿಗೆ ನಮಗೆ ಲೈಬ್ರರಿ ಪೀರಿಯಡ್. ಕಾಯುವವರು ಇರುವಾಗ ಸಿಪಿಯುವನ್ನು ಸುಮ್ಮನೆ ಕೂರಿಸುವ ಶೆಡ್ಯೂಲರನ್ನು ಯಾರೂ ಒಳ್ಳೆಯದು ಎನ್ನುವುದಿಲ್ಲ.

ಲ್ಯಾಬ್ ನೋಡಿಕೊಳ್ಳುವ ಸರ್ ಒಬ್ಬರೇ, ಆ ಹೊತ್ತಿಗೆ ಅವರಿಗೆ ಬೇರೆ ಕ್ಲಾಸ್ ಇದೆ ಎಂಬುದು ನಿಜ. ಬೀಗ ಅವರ ಕೈಯಲ್ಲಿ, ಅವರು ಇನ್ನೊಂದು ಕಡೆ. ಪಾತ್‌ಫೈಂಡರಿಗೆ ಕೊಟ್ಟ ಮದ್ದನ್ನೇ ಇಲ್ಲೂ ಕೊಡಬಹುದು. ಆ ಒಂದು ಪೀರಿಯಡ್‌ಗೆ ದ್ವಿತೀಯ ಪಿಯುವಿನ ಇಬ್ಬರಿಗೆ ಕೀಲಿಕೈಯ ಜವಾಬ್ದಾರಿ ಕೊಟ್ಟು, ಪಕ್ಕದ ಸ್ಟಾಫ್ ರೂಮಿನಲ್ಲಿರುವ ಯಾರಾದರೂ ಒಬ್ಬರು ಮೇಡಂ ಬಂದು ಹೋಗುತ್ತಿದ್ದರೆ ಸಾಕು. ಹಿಂದಿನ ಸಾಲಿನ ಉಬುಂಟು ಯಂತ್ರಗಳೇ ನಮಗೆ ಆಗುತ್ತದೆ. ಅವು ಸ್ಲೋ ಎಂದು ನಾವು ದೂರುವುದಿಲ್ಲ. ಉಪ್ಪಳದಲ್ಲಿರುವ ನನ್ನ ಖಾಲಾ ಮಗಳು ಹೈಸ್ಕೂಲಿನ ಐಟಿ ಪಾಠವನ್ನು ಕಲಿತದ್ದು ಇಂಥದ್ದರಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಕೇರಳ ಸರ್ಕಾರದ ಕೈಟ್ ಸಂಸ್ಥೆ ಕೊಡುವುದು ಉಬುಂಟು ಆಧಾರಿತ ಸಿಸ್ಟಮ್ಮೇ.

ಯಾರು ಯಾವ ಯಂತ್ರದಲ್ಲಿ ಕೂತರು, ಎಷ್ಟು ಗಂಟೆಗೆ ಎದ್ದರು ಎಂದು ಬರೆಯಲು ಒಂದು ರಿಜಿಸ್ಟರ್ ಗೆರೆ ಹಾಕಿ ತಯಾರು ಮಾಡಿದ್ದೇವೆ. ಪ್ರಿನ್ಸಿಪಾಲರ ಸಹಿ ಒಂದು ಬಿದ್ದರೆ ಬರುವ ಮಂಗಳವಾರವೇ ಶುರು ಮಾಡಬಹುದು.